ಸ್ಲೈಡ್‌ಗಳನ್ನು ಸರಣಿಯಿಂದ ಬಿಡಿಸುವುದು: ಟ್ರಿಗರ್, ಲಿಂಕ್, ಜೂಮ್, ಇವುಗಳಲ್ಲಿ ಯಾವುದು ಯಾರಿಗೆ?

ಸ್ಲೈಡ್‌ಗಳನ್ನು ಒಂದರ ಹಿಂದೆ ಒಂದರಂತೆ ತೋರಿಸುತ್ತಾ ಹೋಗುವ ಬದಲು, ಎದುರಿಗಿರುವವರು ಕೇಳಿದ್ದನ್ನು ಕೇಳಿದಾಗಲೇ ತೆರೆದು ತೋರಿಸುವಂತೆ ಪ್ರೆಸೆಂಟೇಷನ್ ಸಿದ್ಧಪಡಿಸಲು ಯಾವ ಸಾಧನ ಒಳ್ಳೆಯದು ಎಂಬ ಪ್ರಶ್ನೆ ಶಿಕ್ಷಕರಿಂದ, ತರಬೇತಿ ನೀಡುವವರಿಂದ, ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವವರಿಂದ ಮತ್ತೆ ಮತ್ತೆ ಬರುತ್ತಿದೆ. ಕೈಯಲ್ಲಿರುವ ಪವರ್‌ಪಾಯಿಂಟ್ ಸಾಕೇ, ಗೂಗಲ್ ಸ್ಲೈಡ್ಸ್‌ಗೆ ಹೋಗಬೇಕೇ, ಪ್ರೆಜಿ ಎಂಬ ಪ್ರೆಸೆಂಟೇಷನ್ ಸಾಧನಕ್ಕೆ ಹಣ ಕೊಡುವುದು ಸಾರ್ಥಕವೇ, ಸಂವಾದಾತ್ಮಕ ಪಾಠಗಳನ್ನು ಕಟ್ಟುವ ಎಚ್‌ಫೈವ್‌ಪಿ (H5P) ಕಲಿಯಬೇಕೇ ಎಂದು ಹಲವರು ಗೊಂದಲದಲ್ಲಿದ್ದಾರೆ. ಸಾಧನದಿಂದ ಆರಂಭಿಸಿದರೆ ಈ ಗೊಂದಲ ಬಗೆಹರಿಯುವುದಿಲ್ಲ. ನಿಮ್ಮ ಪ್ರೆಸೆಂಟೇಷನ್ನಿನಲ್ಲಿ ಕವಲೊಡೆಯುವುದು ಏನು ಎಂಬುದರಿಂದ ಆರಂಭಿಸಿದರೆ ಬಹುಪಾಲು ಅಲ್ಲೇ ಬಗೆಹರಿಯುತ್ತದೆ.

ಪವರ್‌ಪಾಯಿಂಟ್ ಮೊದಲು ಮ್ಯಾಕಿಂಟಾಷ್ ಗಣಕಕ್ಕೆ ಬಂದದ್ದು 1987ರಲ್ಲಿ. ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಗಳನ್ನು ಅಚ್ಚುಕಟ್ಟಾಗಿ ತಯಾರಿಸಿಕೊಳ್ಳುವುದು ಅದರ ಮೂಲ ಉದ್ದೇಶವಾಗಿತ್ತು. ಅದೇ ವರ್ಷ ಆಪಲ್ ಕಂಪನಿ ಹೈಪರ್‌ಕಾರ್ಡ್ ಎಂಬ ಇನ್ನೊಂದು ತಂತ್ರಾಂಶವನ್ನು ಹೊರತಂದಿತು. ಅದರಲ್ಲಿ ಕಾರ್ಡಿನ ಮೇಲಿನ ಗುಂಡಿಯನ್ನು ಒತ್ತಿ ಯಾವ ಕಾರ್ಡಿಗಾದರೂ ಹೋಗಬಹುದಿತ್ತು. ಹೈಪರ್‌ಕಾರ್ಡ್ ಮರೆಯಾಯಿತು, ಪವರ್‌ಪಾಯಿಂಟ್ ಉಳಿಯಿತು, ಅದರೊಂದಿಗೆ ಸರಣಿಯ ಅಭ್ಯಾಸವೂ ಉಳಿಯಿತು. ಆದರೆ ಪಾರದರ್ಶಕ ಹಾಳೆಗಳ ಕಾಲದ ಮೇಷ್ಟ್ರು ವಿದ್ಯಾರ್ಥಿಯ ಪ್ರಶ್ನೆ ಬಂದರೆ ಕಟ್ಟಿನಿಂದ ಬೇಕಾದ ಹಾಳೆಯನ್ನು ಎತ್ತಿ ಇಡುತ್ತಿದ್ದರು ಎಂಬುದನ್ನು ಮರೆಯಬಾರದು. ನಾವು ಈಗ ಮರಳಿ ಪಡೆಯಲು ಹೊರಟಿರುವುದು ಆ ಸ್ವಾತಂತ್ರ್ಯವನ್ನೇ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದುದು

ಮೊದಲನೆಯದಾಗಿ, ಕ್ಲಿಕ್ ಮಾಡುವವರು ಯಾರು? ಮಾತನಾಡುವವರೇ ಮೌಸ್ ಹಿಡಿದಿದ್ದರೆ ಒಂದಿಷ್ಟು ಅಡ್ಡಾದಿಡ್ಡಿ ಇದ್ದರೂ ನಡೆಯುತ್ತದೆ, ಏಕೆಂದರೆ ದಾರಿ ಅವರಿಗೆ ಗೊತ್ತಿರುತ್ತದೆ. ಮಕ್ಕಳು ಸ್ಮಾರ್ಟ್ ಬೋರ್ಡಿನ ಮುಂದೆ ಬಂದು ಮುಟ್ಟುವುದಾದರೆ, ಅಥವಾ ಮಳಿಗೆಗೆ ಬಂದವರು ಯಾರ ನೆರವೂ ಇಲ್ಲದೆ ಪರದೆಯನ್ನು ಒತ್ತುವುದಾದರೆ, ತಪ್ಪು ಜಾಗದಲ್ಲಿ ಬೆರಳಿಟ್ಟರೂ ಏನೂ ಕೆಡದಂತೆ ಕಟ್ಟಬೇಕಾಗುತ್ತದೆ.

ಎರಡನೆಯದು ಎಲ್ಲಕ್ಕಿಂತ ಮುಖ್ಯವಾದುದು: ಕವಲೊಡೆಯಬೇಕಾದುದು ಸ್ಲೈಡುಗಳ ನಡುವೆಯೋ, ಒಂದೇ ಸ್ಲೈಡಿನ ಒಳಗೋ? ಪರಿವಿಡಿಯಿಂದ ಮೂರನೆಯ ಅಧ್ಯಾಯಕ್ಕೆ ನೇರವಾಗಿ ಹಾರುವುದು ಒಂದು ಕೆಲಸ. ಒಂದೇ ನಕ್ಷೆಯ ಮೇಲೆ ಯಾವ ಊರನ್ನು ಮುಟ್ಟಿದರೆ ಆ ಊರಿನ ವಿವರ ಕಾಣಿಸಿಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದು ಎಲ್ಲ ಸಾಧನಗಳಲ್ಲೂ ಇದೆ, ಎರಡನೆಯದು ಕೆಲವುಗಳಲ್ಲಿ ಮಾತ್ರ ಇದೆ. ಮೂರನೆಯದಾಗಿ, ಪ್ರೆಸೆಂಟೇಷನ್ ಏನನ್ನಾದರೂ ನೆನಪಿಟ್ಟುಕೊಳ್ಳಬೇಕೇ? ಅಂಕ ಎಣಿಸುವುದು, ಹಿಂದಿನ ಉತ್ತರವನ್ನು ಆಧರಿಸಿ ಮುಂದಿನ ಪ್ರಶ್ನೆ ಕೊಡುವುದು ಬೇಕಿದ್ದರೆ ಸಾಮಾನ್ಯ ಸ್ಲೈಡುಗಳ ಎಲ್ಲೆ ಅಲ್ಲಿಗೆ ಮುಗಿಯಿತು. ಇವಲ್ಲದೆ ಅದು ಓಡುವ ಯಂತ್ರ ಯಾವುದು, ಅಲ್ಲಿ ಇಂಟರ್ನೆಟ್ ಇದೆಯೇ, ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ, ಮುಂದಿನ ವರ್ಷ ಅದನ್ನು ತಿದ್ದುವವರು ಯಾರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಒಂದು ಮಾತು: ನಿಮಗೆ ಬೇಕಿರುವುದು ಪ್ರಶ್ನೋತ್ತರದ ವೇಳೆಯಲ್ಲಿ ಬೇಕಾದ ಸ್ಲೈಡಿಗೆ ಹೋಗುವುದಷ್ಟೇ ಆಗಿದ್ದರೆ ಏನನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಪವರ್‌ಪಾಯಿಂಟ್ ಸ್ಲೈಡ್ ಷೋ ನಡೆಯುತ್ತಿರುವಾಗ ಸ್ಲೈಡಿನ ಸಂಖ್ಯೆಯನ್ನು ಒತ್ತಿ ಎಂಟರ್ ಒತ್ತಿದರೆ ಅಲ್ಲಿಗೆ ಹೋಗುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲೂ ಇದು ನಡೆಯುತ್ತದೆ. ಪವರ್‌ಪಾಯಿಂಟಿನ ಪ್ರೆಸೆಂಟರ್ ವ್ಯೂನಲ್ಲಿ ಎಲ್ಲ ಸ್ಲೈಡುಗಳನ್ನೂ ಒಟ್ಟಿಗೆ ಹರಡಿ ನೋಡಿ, ಸಭಿಕರಿಗೆ ಕಾಣದಂತೆ ಒಂದನ್ನು ಆರಿಸಬಹುದು. ಮುಖ್ಯ ಸ್ಲೈಡುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡರೆ ಸಾಕು. ಕಾಲೇಜಿನ ಸೆಮಿನಾರಿಗೆ, ಕಚೇರಿಯ ಸಭೆಗೆ ಇದಕ್ಕಿಂತ ಹೆಚ್ಚಿನದು ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಪವರ್‌ಪಾಯಿಂಟಿನ ಟ್ರಿಗರ್: ಒಂದೇ ಸ್ಲೈಡಿನೊಳಗಿನ ಕವಲು

ಅನಿಮೇಷನ್‌ಗಳನ್ನೇ ಸರಣಿಯಿಂದ ಬಿಡಿಸಬೇಕೆನ್ನುವವರಿಗೆ ಟ್ರಿಗರ್ ಮೊದಲ ಆಯ್ಕೆ. ಇದು 2002ರ ಆವೃತ್ತಿಯಿಂದಲೂ ಪವರ್‌ಪಾಯಿಂಟ್‌ನಲ್ಲಿದೆ, ಆದರೂ ಬಳಸುವವರು ಕಡಿಮೆ. ಸಾಮಾನ್ಯ ಅನಿಮೇಷನ್ ಪರದೆಯ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ತನ್ನ ಸರದಿ ಬಂದಾಗ ಓಡುತ್ತದೆ. ಟ್ರಿಗರ್ ಹಾಕಿದ ಅನಿಮೇಷನ್ ಸರದಿಯಿಂದ ಹೊರಬಂದು, ನೀವು ಹೇಳಿದ ವಸ್ತುವನ್ನು ಒತ್ತಿದಾಗ ಮಾತ್ರ ಓಡುತ್ತದೆ.

ಕರ್ನಾಟಕದ ನದಿಗಳ ಪಾಠವನ್ನು ತೆಗೆದುಕೊಳ್ಳಿ. ನಕ್ಷೆಯ ಮೇಲೆ ಕಾವೇರಿ, ಕೃಷ್ಣಾ, ತುಂಗಭದ್ರಾ, ಶರಾವತಿ ನದಿಗಳನ್ನು ಫ್ರೀಫಾರ್ಮ್ ಗೆರೆಯಿಂದ ಬರೆದು, ಬದಿಯಲ್ಲಿ ನಾಲ್ಕು ಹೆಸರುಗಳ ಪೆಟ್ಟಿಗೆಗಳನ್ನು ಇಡಿ. ಆಲ್ಟ್ ಮತ್ತು ಎಫ್10 ಒತ್ತಿ ಸೆಲೆಕ್ಷನ್ ಪೇನ್ ತೆರೆದು ಪ್ರತಿ ಗೆರೆಗೂ ಪ್ರತಿ ಪೆಟ್ಟಿಗೆಗೂ ‘ಕಾವೇರಿ ಗೆರೆ’, ‘ಕಾವೇರಿ ಗುಂಡಿ’ ಎಂಬಂತೆ ಹೆಸರಿಡಿ. ಈ ಹೆಜ್ಜೆಯನ್ನು ಬಿಟ್ಟರೆ ಮುಂದೆ ಟ್ರಿಗರಿನ ಪಟ್ಟಿಯಲ್ಲಿ ‘ಫ್ರೀಫಾರ್ಮ್ 14’, ‘ರೆಕ್ಟ್ಯಾಂಗಲ್ 22’ ಎಂಬ ಹೆಸರುಗಳ ನಡುವೆ ಯಾವುದು ಯಾವುದೆಂದು ತಿಳಿಯದೆ ತಡಕಾಡಬೇಕಾಗುತ್ತದೆ. ಕಾವೇರಿಯ ಗೆರೆಗೆ, ವಸ್ತುವನ್ನು ಒಂದು ಬದಿಯಿಂದ ಸ್ವಲ್ಪ ಸ್ವಲ್ಪವಾಗಿ ತೋರಿಸುವ ‘ವೈಪ್’ ಅನಿಮೇಷನ್ ಕೊಟ್ಟು ದಿಕ್ಕನ್ನು ಎಡದಿಂದ ಎಂದು ಇಡಿ, ಏಕೆಂದರೆ ತಲಕಾವೇರಿಯಲ್ಲಿ ಹುಟ್ಟಿ ಅದು ಪೂರ್ವಕ್ಕೆ ಹರಿಯುತ್ತದೆ. ಶರಾವತಿ ಪಶ್ಚಿಮಕ್ಕೆ ಹರಿಯುವ ನದಿಯಾದ್ದರಿಂದ ಅದರ ದಿಕ್ಕು ಬಲದಿಂದ. ಬಳಿಕ ಅನಿಮೇಷನ್ಸ್ ಟ್ಯಾಬಿನ ‘ಟ್ರಿಗರ್’ ಒತ್ತಿ, ‘ಆನ್ ಕ್ಲಿಕ್ ಆಫ್’ ಪಟ್ಟಿಯಲ್ಲಿ ಆಯಾ ಗುಂಡಿಯನ್ನು ಆರಿಸಿ. ಈಗ ವಿದ್ಯಾರ್ಥಿ ಶರಾವತಿಯನ್ನು ಮೊದಲು ಕೇಳಿದರೆ ಶರಾವತಿ, ಕೃಷ್ಣಾ ಕೇಳಿದರೆ ಕೃಷ್ಣಾ. ಅದೇ ಗೆರೆಗೆ ಒಂದು ನಿರ್ಗಮನ ಅನಿಮೇಷನ್ ಸೇರಿಸಿ, ಅದಕ್ಕೂ ಅದೇ ಗುಂಡಿಯನ್ನು ಟ್ರಿಗರ್ ಮಾಡಿದರೆ, ಒಮ್ಮೆ ಒತ್ತಿದಾಗ ನದಿ ಹರಿದು ಬರುತ್ತದೆ, ಇನ್ನೊಮ್ಮೆ ಒತ್ತಿದಾಗ ಮರೆಯಾಗುತ್ತದೆ. ಹರಿವಿನ ದಿಕ್ಕನ್ನು ಅನಿಮೇಷನ್ನೇ ಕಲಿಸುತ್ತದೆ ಎಂಬುದು ಇಲ್ಲಿನ ದೊಡ್ಡ ಲಾಭ. ಅನಿಮೇಷನ್ ಇಂಥ ಕಡೆ ಅಲಂಕಾರವಾಗಿ ಉಳಿಯದೆ ಪಾಠದ ಭಾಗವಾಗುತ್ತದೆ.

ನಕ್ಷೆಯ ಮೇಲಿನ ಒಂದು ಪ್ರದೇಶವನ್ನೇ ಗುಂಡಿಯನ್ನಾಗಿ ಮಾಡಬೇಕಿದ್ದರೆ ಅದರ ಮೇಲೆ ಆಕಾರವೊಂದನ್ನು ಎಳೆದು, ಬಣ್ಣ ತುಂಬಿ, ಪಾರದರ್ಶಕತೆಯನ್ನು 100ಕ್ಕೆ ಏರಿಸಿ. ‘ನೋ ಫಿಲ್’ ಎಂದು ಬಿಡುವುದಕ್ಕಿಂತ ಹೀಗೆ ಮಾಡುವುದು ಕ್ಷೇಮ. ಆಕಾರದ ಒಳಗೆ ಎಲ್ಲಿ ಒತ್ತಿದರೂ ಅದು ಕ್ಲಿಕ್ಕನ್ನು ಗ್ರಹಿಸುತ್ತದೆ.

ಟ್ರಿಗರಿನ ಕೊರತೆಗಳನ್ನೂ ಹೇಳಬೇಕು. ಗುಂಡಿಯ ಪಕ್ಕಕ್ಕೆ ಬೆರಳು ಬಿದ್ದರೆ ಸ್ಲೈಡೇ ಮುಂದಕ್ಕೆ ಹೋಗಿಬಿಡುತ್ತದೆ. ಟ್ರಾನ್ಸಿಷನ್ಸ್ ಟ್ಯಾಬಿನಲ್ಲಿ ‘ಆನ್ ಮೌಸ್ ಕ್ಲಿಕ್’ ಗುರುತನ್ನು ತೆಗೆದುಹಾಕಿದರೆ ಇದು ನಿಲ್ಲುತ್ತದೆ, ಆದರೆ ಕೀಬೋರ್ಡಿನ ಬಾಣದ ಕೀಲಿಗಳೂ ಕೈಯಲ್ಲಿ ಹಿಡಿಯುವ ರಿಮೋಟೂ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತವೆ. ಆ ರಿಮೋಟಿನಿಂದ ಹಿಂದಕ್ಕೂ ಮುಂದಕ್ಕೂ ಹೋಗಬಹುದೇ ಹೊರತು ಗುಂಡಿಯನ್ನು ಆರಿಸಲಾಗದು; ವೇದಿಕೆಯ ಮೇಲೆ ಓಡಾಡುತ್ತಾ ಮಾತನಾಡುವವರಿಗೆ ಟ್ರಿಗರ್ ಒಗ್ಗದಿರುವುದಕ್ಕೆ ಇದೇ ಕಾರಣ. ಫೈಲನ್ನು ವಿಡಿಯೊ ಮಾಡಿದರೆ ಅಥವಾ ಪಿಡಿಎಫ್ ಮಾಡಿದರೆ ಈ ಸಂವಾದವೆಲ್ಲ ಹೋಗುತ್ತದೆ. ಒಂದು ಸ್ಲೈಡಿನಲ್ಲಿ ಹತ್ತು ಹನ್ನೆರಡು ಟ್ರಿಗರ್ ದಾಟಿದರೆ ಅನಿಮೇಷನ್ ಪೇನ್ ಎಷ್ಟು ಉದ್ದವಾಗುತ್ತದೆಂದರೆ, ಕಟ್ಟಿದವರ ಹೊರತು ಬೇರೆಯವರು ಅದನ್ನು ತಿದ್ದಲಾರರು.

ಲಿಂಕ್, ಆಕ್ಷನ್ ಬಟನ್, ಕಿಯಾಸ್ಕ್

ಕವಲು ಸ್ಲೈಡುಗಳ ನಡುವೆ ಇದ್ದರೆ ಲಿಂಕುಗಳೇ ಸಾಕು. ಇನ್ಸರ್ಟ್ ಟ್ಯಾಬಿನ ‘ಲಿಂಕ್’ ಅಥವಾ ‘ಆಕ್ಷನ್’ ಮೂಲಕ ಯಾವ ಚಿತ್ರವನ್ನಾದರೂ ಇದೇ ಫೈಲಿನ ಯಾವ ಸ್ಲೈಡಿಗಾದರೂ ಜೋಡಿಸಬಹುದು. ‘ಲಾಸ್ಟ್ ಸ್ಲೈಡ್ ವ್ಯೂಡ್’ ಎಂಬ ಆಯ್ಕೆ ವಿಶೇಷವಾಗಿ ಉಪಯುಕ್ತ, ಏಕೆಂದರೆ ಒಂದೇ ವಿವರಣೆಯ ಸ್ಲೈಡಿಗೆ ಹಲವು ಕಡೆಗಳಿಂದ ಬಂದರೂ ಪ್ರತಿಯೊಬ್ಬರನ್ನೂ ಬಂದ ಜಾಗಕ್ಕೇ ಅದು ಹಿಂದಿರುಗಿಸುತ್ತದೆ. ರಸಪ್ರಶ್ನೆಯ ಫಲಕವನ್ನು ಮಾಡುವವರು ಲಿಂಕನ್ನು ಪೆಟ್ಟಿಗೆಗೆ ಕೊಡದೆ ಒಳಗಿನ ಅಕ್ಷರಗಳಿಗೆ ಕೊಡಲಿ: ಒಮ್ಮೆ ಒತ್ತಿದ ಅಕ್ಷರಗಳ ಬಣ್ಣ ಬದಲಾಗುವುದರಿಂದ ಯಾವ ಪ್ರಶ್ನೆ ಮುಗಿಯಿತು ಎಂಬುದು ಎಲ್ಲರಿಗೂ ಕಾಣುತ್ತದೆ.

ಸಾರ್ವಜನಿಕರು ತಾವೇ ಒತ್ತುವ ಪರದೆಗೆ ‘ಸೆಟಪ್ ಸ್ಲೈಡ್ ಷೋ’ದಲ್ಲಿರುವ ಕಿಯಾಸ್ಕ್ ವಿಧಾನವನ್ನು ಆರಿಸಲೇಬೇಕು. ಅದರಲ್ಲಿ ಬರಿಯ ಕ್ಲಿಕ್ಕಿನಿಂದ ಸ್ಲೈಡ್ ಮುಂದೆ ಹೋಗುವುದಿಲ್ಲ, ನೀವು ಇಟ್ಟ ಗುಂಡಿಗಳು ಮಾತ್ರ ಕೆಲಸ ಮಾಡುತ್ತವೆ. ಹೀಗಾಗಿ ಪ್ರತಿ ಸ್ಲೈಡಿನಲ್ಲೂ ‘ಮುಖಪುಟ’ ಗುಂಡಿ ಇರಲೇಬೇಕು. ಅದನ್ನು ಸ್ಲೈಡ್ ಮಾಸ್ಟರಿನಲ್ಲಿ ಒಮ್ಮೆ ಇಟ್ಟರೆ ಎಲ್ಲ ಕಡೆಗೂ ಬರುತ್ತದೆ.

ಜೂಮ್ ಮತ್ತು ಮಾರ್ಫ್

ಪವರ್‌ಪಾಯಿಂಟ್ 2019 ಮತ್ತು ಮೈಕ್ರೋಸಾಫ್ಟ್ 365ರಲ್ಲಿರುವ ಜೂಮ್ ಸೌಲಭ್ಯವನ್ನು ಲಿಂಕುಗಳ ಸುಧಾರಿತ ರೂಪ ಎನ್ನಬಹುದು. ಸಮರಿ ಜೂಮ್ ಇಡೀ ಫೈಲಿಗೆ ಪರಿವಿಡಿಯೊಂದನ್ನು ತಾನೇ ಕಟ್ಟಿಕೊಡುತ್ತದೆ. ಸೆಕ್ಷನ್ ಜೂಮ್ ಒಂದು ಭಾಗದೊಳಕ್ಕೆ ಕರೆದೊಯ್ದು, ಆ ಭಾಗ ಮುಗಿದ ಕೂಡಲೇ ಪರಿವಿಡಿಗೆ ಮರಳುತ್ತದೆ. ಸ್ಲೈಡ್ ಜೂಮ್ ಒಂದೇ ಸ್ಲೈಡಿಗೆ ಹೋಗುತ್ತದೆ, ಆದರೆ ‘ರಿಟರ್ನ್ ಟು ಜೂಮ್’ ಗುರುತು ಹಾಕದಿದ್ದರೆ ಅಲ್ಲಿಂದ ಮುಂದಿನ ಸ್ಲೈಡಿಗೆ ಸಾಗಿಬಿಡುತ್ತದೆ. ಒಳಗಿನ ಸ್ಲೈಡನ್ನು ತಿದ್ದಿದರೆ ಪರಿವಿಡಿಯಲ್ಲಿರುವ ಅದರ ಚಿಕ್ಕ ಚಿತ್ರವೂ ತಾನಾಗಿ ಬದಲಾಗುತ್ತದೆ. ಕೈಯಿಂದ ಕಟ್ಟಿದ ಲಿಂಕ್ ಪುಟಗಳಲ್ಲಿ ಈ ನೆಮ್ಮದಿ ಇಲ್ಲ. ಮಾತನಾಡುವವರೇ ಮೌಸ್ ಹಿಡಿದಿದ್ದು, ವಿಷಯ ನಾಲ್ಕೈದು ಭಾಗಗಳಾಗಿ ಸ್ಪಷ್ಟವಾಗಿ ಒಡೆಯುವಂತಿದ್ದರೆ ನಾನು ಯಾವ ಅನುಮಾನವೂ ಇಲ್ಲದೆ ಸೂಚಿಸುವುದು ಸೆಕ್ಷನ್ ಜೂಮನ್ನು.

ಮಾರ್ಫ್ ಟ್ರಾನ್ಸಿಷನ್ ಎರಡು ಸ್ಲೈಡುಗಳಲ್ಲಿರುವ ಒಂದೇ ವಸ್ತುವನ್ನು ಗುರುತಿಸಿ ಅದನ್ನು ಒಂದು ಸ್ಥಾನದಿಂದ ಇನ್ನೊಂದಕ್ಕೆ ಸರಿಸುತ್ತದೆ. ಗುರುತು ತಪ್ಪಿದಾಗ ಎರಡೂ ಕಡೆ ವಸ್ತುವಿನ ಹೆಸರಿನ ಮೊದಲು ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಒಂದೇ ಹೆಸರಿಟ್ಟರೆ ಸರಿಹೋಗುತ್ತದೆ. ಇದನ್ನು ಲಿಂಕುಗಳೊಂದಿಗೆ ಬಳಸಿದರೆ ನಕ್ಷೆಯ ಮೇಲಿನ ಶರಾವತಿಯನ್ನು ಒತ್ತಿದಾಗ ನಕ್ಷೆಯೇ ಹತ್ತಿರ ಬಂದು ಜೋಗದ ಬಳಿ ನಿಲ್ಲುವಂತೆ ಮಾಡಬಹುದು. ನೋಡಲು ಟ್ರಿಗರಿಗಿಂತ ಚೆನ್ನ, ಕಟ್ಟುವುದೂ ಸುಲಭ, ಆದರೆ ಪ್ರತಿ ನೋಟಕ್ಕೂ ಒಂದು ಸ್ಲೈಡ್ ಬೇಕು. ನಕ್ಷೆಯಲ್ಲಿ ಒಂದು ಹೆಸರು ತಪ್ಪಾಗಿದ್ದರೆ ಅದನ್ನು ಅಷ್ಟೂ ಸ್ಲೈಡುಗಳಲ್ಲಿ ತಿದ್ದಬೇಕಾಗುತ್ತದೆ.

ಪವರ್‌ಪಾಯಿಂಟ್‌ನಲ್ಲಿಯೇ ಅಂಕ ಎಣಿಸಲು ವಿಬಿಎ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಇರುವ ಚಿಕ್ಕ ಪ್ರೋಗ್ರಾಮ್, ಬರೆಯುವವರೂ ಇದ್ದಾರೆ. ಸ್ವಂತ ಗಣಕದಲ್ಲಿ ಮಾತ್ರ ಓಡಿಸುವವರಿಗೆ ಅದು ಸರಿ. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್ ಮೂಲಕ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿ ತಡೆಯುತ್ತಿರುವುದರಿಂದ, ಇತರರಿಗೆ ಕಳುಹಿಸುವ ಫೈಲಿಗೆ ಇದನ್ನು ನೆಚ್ಚಬೇಡಿ.

ಹಣ ಕೊಡದೆ ಸಿಗುವವು

ಪವರ್‌ಪಾಯಿಂಟಿನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಇಂಪ್ರೆಸ್ ಬಗ್ಗೆ ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ ಅದರಲ್ಲೂ ಟ್ರಿಗರ್ ಇದೆ. ಅನಿಮೇಷನ್ನಿನ ಎಫೆಕ್ಟ್ ಆಪ್ಷನ್ಸ್ ತೆರೆದು ಟೈಮಿಂಗ್ ಭಾಗದಲ್ಲಿ ‘ಸ್ಟಾರ್ಟ್ ಎಫೆಕ್ಟ್ ಆನ್ ಕ್ಲಿಕ್ ಆಫ್’ ಆರಿಸಿದರೆ ಮೇಲಿನ ನದಿ ನಕ್ಷೆಯನ್ನು ಒಂದು ರೂಪಾಯಿ ಖರ್ಚಿಲ್ಲದೆ ಕಟ್ಟಬಹುದು. ವಸ್ತುವಿನ ಮೇಲೆ ಬಲಕ್ಲಿಕ್ ಮಾಡಿ ‘ಇಂಟರ್ಯಾಕ್ಷನ್’ ಒತ್ತಿದರೆ ಸ್ಲೈಡಿಗೆ ಹಾರುವ ವ್ಯವಸ್ಥೆಯೂ ಇದೆ. ಪವರ್‌ಪಾಯಿಂಟಿನ ಜೂಮ್ ಮತ್ತು ಮಾರ್ಫ್ ಇಲ್ಲಿಲ್ಲ. ಲೈನಕ್ಸ್ ಗಣಕಗಳಿರುವ ಶಾಲೆಯಲ್ಲಿ ಕಲಿಸುವವರು ಇಂಪ್ರೆಸ್‌ನಲ್ಲೇ ಆರಂಭಿಸಿ ಇಂಪ್ರೆಸ್‌ನಲ್ಲೇ ಮುಗಿಸುವುದು ಒಳಿತು. ಎರಡು ತಂತ್ರಾಂಶಗಳ ನಡುವೆ ಫೈಲನ್ನು ಆಚೀಚೆ ಒಯ್ದಷ್ಟೂ ಅನಿಮೇಷನ್‌ಗಳು ಕೆಡುವ ಸಂಭವ ಹೆಚ್ಚು.

ಗೂಗಲ್ ಸ್ಲೈಡ್ಸ್‌ನಲ್ಲಿ ಟ್ರಿಗರ್ ಇಲ್ಲ, ಆದ್ದರಿಂದ ಒಂದೇ ಸ್ಲೈಡಿನೊಳಗಿನ ಕವಲು ಅಲ್ಲಿ ಆಗದು. ಪವರ್‌ಪಾಯಿಂಟಿನಿಂದ ತಂದ ಟ್ರಿಗರುಗಳೂ ಅಲ್ಲಿ ಉಳಿಯವು. ಸ್ಲೈಡುಗಳ ನಡುವಿನ ಲಿಂಕುಗಳು ಮಾತ್ರ ಚೆನ್ನಾಗಿ ನಡೆಯುತ್ತವೆ. ಕಿಯಾಸ್ಕ್ ವಿಧಾನ ಇಲ್ಲದಿರುವುದಕ್ಕೆ ಬಳಕೆದಾರರು ಕಂಡುಕೊಂಡಿರುವ ಉಪಾಯ ಇದು: ಇಡೀ ಸ್ಲೈಡನ್ನು ಮುಚ್ಚುವಂತೆ ಪಾರದರ್ಶಕ ಆಯತವೊಂದನ್ನು ಎಲ್ಲಕ್ಕಿಂತ ಹಿಂದೆ ಇಟ್ಟು, ಅದಕ್ಕೆ ಅದೇ ಸ್ಲೈಡಿನ ಲಿಂಕ್ ಕೊಡುವುದು. ತಪ್ಪಿ ಒತ್ತಿದರೂ ಮಗು ಇದ್ದಲ್ಲೇ ಇರುತ್ತದೆ. ಹಲವರು ಸೇರಿ ತಯಾರಿಸುವ ಪಾಠಕ್ಕೆ, ವಿದ್ಯಾರ್ಥಿಗಳು ಮನೆಯಲ್ಲಿ ಫೋನಿನಲ್ಲೇ ತೆರೆದು ನೋಡಬೇಕಾದ ಪಾಠಕ್ಕೆ ಇದು ಅನುಕೂಲ. ನೋಟೊ ಸಾನ್ಸ್ ಕನ್ನಡದಂಥ ಅಕ್ಷರವಿನ್ಯಾಸಗಳು ಅದರೊಳಗೇ ಇರುವುದೂ ಒಂದು ಲಾಭ.

ಆಪಲ್ ಸಾಧನಗಳೊಂದಿಗೆ ಉಚಿತವಾಗಿ ಬರುವ ಕೀನೋಟ್‌ನಲ್ಲಿ ‘ಲಿಂಕ್ಸ್ ಓನ್ಲಿ’ ಎಂಬ ಪ್ರದರ್ಶನ ವಿಧಾನವಿದೆ. ಐಪ್ಯಾಡ್ ಇಟ್ಟು ಮಳಿಗೆ ನಡೆಸುವವರಿಗೆ ಅದು ಸಾಕು. ಸ್ಲೈಡಿನೊಳಗಿನ ವಸ್ತುವಿಗೆ ಟ್ರಿಗರ್ ಅಲ್ಲೂ ಇಲ್ಲ.

ಸ್ಲೈಡನ್ನೇ ಬಿಟ್ಟು ಹೊರಡುವವರಿಗೆ

ಹಂಗೆರಿಯಲ್ಲಿ 2009ರಲ್ಲಿ ಆರಂಭವಾದ ಪ್ರೆಜಿ, ಸ್ಲೈಡುಗಳ ಬದಲು ಒಂದೇ ವಿಶಾಲ ಹಾಸಿನ ಮೇಲೆ ಎಲ್ಲವನ್ನೂ ಹರಡಿ, ಬೇಕಾದುದರ ಹತ್ತಿರಕ್ಕೆ ಹೋಗಿ ಬರುವ ವಿಧಾನವನ್ನು ಜನಪ್ರಿಯಗೊಳಿಸಿತು. ಭಾಗ ಮತ್ತು ಇಡಿಯ ಸಂಬಂಧವನ್ನು ತೋರಿಸಬೇಕಾದ ವಿಷಯಕ್ಕೆ, ಉದಾಹರಣೆಗೆ ಒಂದು ದೇವಾಲಯದ ತಲವಿನ್ಯಾಸದಿಂದ ಅದರ ಒಂದೊಂದು ಶಿಲ್ಪಕ್ಕೆ ಹೋಗಿ ಮರಳುವಂಥ ಪಾಠಕ್ಕೆ, ಇದು ನಿಜಕ್ಕೂ ಹೊಂದುತ್ತದೆ. ಉಳಿದ ಕಡೆ ಅದರ ಓಲಾಟ ಕೆಲವರಿಗೆ ತಲೆಸುತ್ತು ತರಿಸುತ್ತದೆ. ಹಳೆಯ ಪ್ರೆಜಿ ಫ್ಲ್ಯಾಶ್ ತಂತ್ರಜ್ಞಾನವನ್ನು ನಂಬಿತ್ತು. 2020ರ ಕೊನೆಗೆ ಫ್ಲ್ಯಾಶ್ ನಿಂತಿತು. ಕಂಪನಿ ಅದಕ್ಕೂ ಮೊದಲೇ ಹೊಸ ಆವೃತ್ತಿಗೆ ಬದಲಾಗಿತ್ತಾದರೂ, ಹತ್ತು ವರ್ಷ ಬಳಸಬೇಕೆಂದಿರುವ ಪಾಠವನ್ನು ಒಂದೇ ಕಂಪನಿಯ ಸರ್ವರಿನಲ್ಲಿ ಇಡುವ ಮುನ್ನ ಯೋಚಿಸಬೇಕು. ಸೆಕ್ಷನ್ ಜೂಮ್ ಇರುವ ಪವರ್‌ಪಾಯಿಂಟ್ ಈಗಾಗಲೇ ನಿಮ್ಮಲ್ಲಿದ್ದರೆ ಪ್ರೆಜಿಗೆ ಹಣ ಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಬಲ್ಲವರಿಗೆ, ಬ್ರೌಸರಿನಲ್ಲಿ ಓಡುವ ಸ್ಲೈಡುಗಳನ್ನು ಕಟ್ಟುವ ರಿವೀಲ್ ಜೆಎಸ್ ಇದೆ. ಸ್ಲೈಡುಗಳನ್ನು ಅಡ್ಡಲಾಗಿಯೂ, ಪ್ರತಿಯೊಂದರ ಕೆಳಗೆ ಉದ್ದಕ್ಕೂ ಜೋಡಿಸಬಹುದಾದ್ದರಿಂದ, ಮುಖ್ಯ ಮಾತು ಅಡ್ಡ ಸಾಲಿನಲ್ಲಿ ಸಾಗುತ್ತಾ ಯಾರಾದರೂ ಕೇಳಿದರೆ ಮಾತ್ರ ಕೆಳಗಿಳಿಯುವ ಏರ್ಪಾಡು ಸಹಜವಾಗಿ ಸಿಗುತ್ತದೆ. ಬ್ರೌಸರ್ ಇರುವ ಯಾವ ಯಂತ್ರದಲ್ಲಾದರೂ ಓಡುತ್ತದೆ, ಯೂನಿಕೋಡ್ ಕನ್ನಡಕ್ಕೆ ತೊಡಕಿಲ್ಲ. ಕೋಡ್ ಮುಟ್ಟದವರಿಗೆ ಇದನ್ನು ಒಪ್ಪಿಸಬೇಡಿ.

ಪ್ರೆಸೆಂಟೇಷನ್ ನೆನಪಿಟ್ಟುಕೊಳ್ಳಬೇಕು, ಅಂಕ ಕೊಡಬೇಕು, ಉತ್ತರಕ್ಕೆ ತಕ್ಕ ದಾರಿ ಹಿಡಿಯಬೇಕು ಎನ್ನುವವರಿಗೆ ಎಚ್‌ಫೈವ್‌ಪಿ ಉತ್ತಮ ಆರಂಭ. ಅದು ಮುಕ್ತ ತಂತ್ರಾಂಶ, ಮೂಡಲ್ ಎಂಬ ಆನ್‌ಲೈನ್ ಕಲಿಕಾ ವೇದಿಕೆ ಬಳಸುವ ಕಾಲೇಜುಗಳಲ್ಲಿ ನೇರವಾಗಿ ಜೋಡಿಸಬಹುದು, ಅದರ ‘ಬ್ರಾಂಚಿಂಗ್ ಸಿನಾರಿಯೊ’ ಕವಲು ಕಥನಗಳಿಗೆಂದೇ ಇದೆ. ಆರೋಗ್ಯ ಕಾರ್ಯಕರ್ತೆಯೊಬ್ಬರಿಗೆ ‘ಜ್ವರ ಮೂರು ದಿನದಿಂದ ಇದೆ, ಈಗ ಏನು ಮಾಡುತ್ತೀರಿ’ ಎಂದು ಕೇಳಿ, ಅವರ ಉತ್ತರದ ಪರಿಣಾಮವನ್ನೇ ಮುಂದೆ ತೋರಿಸುವ ತರಬೇತಿಗೆ ಇದಕ್ಕಿಂತ ಮಿತವ್ಯಯದ ದಾರಿ ಇಲ್ಲ. ಕೊರತೆಯೆಂದರೆ ಅದರ ಅಚ್ಚು ಸಿದ್ಧವಾದುದು. ನದಿ ಹರಿಯುವಂಥ ಅನಿಮೇಷನ್ ಬೇಕೆಂದರೆ ಸಿಗುವುದಿಲ್ಲ. ಅನಿಮೇಷನ್ನೂ ಬೇಕು, ನೆನಪೂ ಬೇಕು ಎಂದರೆ ಆನ್‌ಲೈನ್ ಕೋರ್ಸುಗಳನ್ನು ಕಟ್ಟುವ ಆರ್ಟಿಕ್ಯುಲೇಟ್ ಸ್ಟೋರಿಲೈನಿಗೆ ಹೋಗಬೇಕು. ಟ್ರಿಗರ್, ಪದರ, ಉತ್ತರ ಅಂಕಗಳನ್ನು ನೆನಪಿಡುವ ವೇರಿಯಬಲ್ ಮೂರೂ ಅದರಲ್ಲಿವೆ, ಪವರ್‌ಪಾಯಿಂಟ್ ಬಲ್ಲವರಿಗೆ ಪರಿಚಿತವೂ ಆಗಿದೆ. ಆದರೆ ಅದು ವಾರ್ಷಿಕ ಚಂದಾ, ಅದೂ ದುಬಾರಿ. ವರ್ಷವಿಡೀ ಕೋರ್ಸುಗಳನ್ನು ತಯಾರಿಸುವ ಸಂಸ್ಥೆಗೆ ಹೊಂದುತ್ತದೆಯೇ ಹೊರತು ಒಂದು ಪಾಠ ಮಾಡಬೇಕಾದ ಶಿಕ್ಷಕರಿಗಲ್ಲ.

ನಿರ್ಧಾರಕ್ಕೆ ಮುನ್ನ ಒಂದು ಪರೀಕ್ಷೆ

ಸಾಧನವನ್ನು ಅಂತಿಮಗೊಳಿಸುವ ಮೊದಲು ಒಂದೇ ಒಂದು ಸ್ಲೈಡನ್ನು ಪೂರ್ಣವಾಗಿ ಕಟ್ಟಿ, ಅದು ನಿಜವಾಗಿ ಓಡಬೇಕಾದ ಯಂತ್ರದಲ್ಲೇ ಓಡಿಸಿ ನೋಡಿ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಟ್ರಿಗರ್ ಶಾಲೆಯ ಹಳೆಯ ಆವೃತ್ತಿಯಲ್ಲಿ, ಫೋನಿನ ಆ್ಯಪಿನಲ್ಲಿ ಬೇರೆಯಾಗಿ ವರ್ತಿಸಬಹುದು. ಸ್ಮಾರ್ಟ್ ಬೋರ್ಡ್ ಆಗಿದ್ದರೆ ಮಗುವಿನ ಕೈಗೆಟಕುವ ಎತ್ತರದಲ್ಲಿ ಗುಂಡಿಗಳಿವೆಯೇ, ಬೆರಳಿಗೆ ಸಾಕಷ್ಟು ದೊಡ್ಡದಾಗಿವೆಯೇ ಎಂಬುದನ್ನೂ ಅಲ್ಲೇ ನಿಂತು ನೋಡಬೇಕು.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಯೂನಿಕೋಡ್ ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದ ಗುಂಡಿಗಳು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಸರಣಿಯ ಪ್ರೆಸೆಂಟೇಷನ್ನಿನಲ್ಲಿ ಇದು ಮುಜುಗರದ ವಿಷಯವಾದರೆ, ಗುಂಡಿಗಳನ್ನೇ ನಂಬಿದ ಪ್ರೆಸೆಂಟೇಷನ್ನಿನಲ್ಲಿ ದಾರಿಯೇ ತಪ್ಪುತ್ತದೆ. ವಿಂಡೋಸ್ 8ರಿಂದ ಈಚಿನ ಗಣಕಗಳಲ್ಲಿರುವ ನಿರ್ಮಲಾ ಯುಐ ಬಳಸಿ, ಅಥವಾ ಬೇರೆ ಯೂನಿಕೋಡ್ ಫಾಂಟ್ ಬೇಕೆಂದರೆ ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಗುರುತು ಹಾಕಿ, ಆಮೇಲೆ ಆ ಫಾಂಟ್ ಇಲ್ಲದ ಇನ್ನೊಂದು ಗಣಕದಲ್ಲಿ ತೆರೆದು ಪ್ರತಿ ಗುಂಡಿಯನ್ನೂ ಒಮ್ಮೆ ಒತ್ತಿ ನೋಡಿ.